ಆರು ತಿಂಗಳು ಎದೆಹಾಲು ಕೊಡು ಅಂತೀರಿ, ಆ ಆರು ತಿಂಗಳನ್ನ ಯಾರು ಕೊಡ್ತೀರಿ?

ಆಗಸ್ಟ್ ಮೊದಲ ವಾರ ಬಂತೆಂದರೆ ನಮ್ಮ ಮೊಬೈಲಿಗೆ ಒಂದೇ ಥರದ ಫೋಟೋಗಳು ಬರುತ್ತವೆ. ಅಂಗನವಾಡಿ ಗೋಡೆಗೆ ಬ್ಯಾನರ್, ಅದರ ಮೇಲೆ 'ವಿಶ್ವ ಸ್ತನ್ಯಪಾನ ಸಪ್ತಾಹ'. ಮುಂದೆ ಮೇಜು, ಮೇಜಿನ ಹಿಂದೆ ನಾಲ್ಕು ಜನ ಅತಿಥಿಗಳು. ಕೆಳಗೆ ಚಾಪೆಯ ಮೇಲೆ ಕೂಸು ಎತ್ತಿಕೊಂಡು ಕೂತ ಏಳೆಂಟು ಬಾಣಂತಿಯರು. ಸುದ್ದಿಯೂ ಒಂದೇ ಥರ: 'ತಾಯಿ ಹಾಲು ಅಮೃತ ಸಮಾನ, ಆರು ತಿಂಗಳು ಎದೆಹಾಲನ್ನೇ ಕೊಡಬೇಕು ಎಂದು ಅವರು ಕರೆ ನೀಡಿದರು.'

ಪತ್ರಿಕೋದ್ಯಮ ಓದಿ ಊರಿಗೆ ಬಂದ ಮೊದಲ ವರ್ಷ ಈ ಸುದ್ದಿಯನ್ನು ನಾವೂ ಬರೆದಿದ್ದೇವೆ. ಅತಿಥಿಗಳ ಹೆಸರು, ಹುದ್ದೆ ಒಂದೂ ತಪ್ಪಾಗದಂತೆ ಬರೆದೆವು. ಚಾಪೆ ಮೇಲೆ ಕೂತವರನ್ನು ಮಾತ್ರ ಏನೂ ಕೇಳಲಿಲ್ಲ.

ಆಮೇಲೊಂದು ವರ್ಷ ಕೇಳಿದೆವು. ಕಾರ್ಯಕ್ರಮ ಮುಗಿದು, ಅತಿಥಿಗಳ ಜೀಪು ಹೋದ ಮೇಲೆ, ಮೂರು ತಿಂಗಳ ಕೂಸಿನ ತಾಯಿಯೊಬ್ಬಳು ಹೇಳಿದ್ದು ಇಷ್ಟು: "ಅವರು ಹೇಳೂದು ಖರೆ ಐತ್ರಿ. ನನಗೂ ಗೊತ್ತೈತಿ. ಆದರ ನಾಳೆ ಕಳೆ ತೆಗಿಯಾಕ ಹೋಗಬೇಕು. ಮುಂಜಾನಿ ಎಂಟಕ್ಕ ಟಂಟಂ ಬರತೈತಿ, ಹೊಳ್ಳಿ ಬರೂದು ಸಂಜಿ ಆರಕ್ಕ. ಎದಿ ನನ್ನ ಸಂಗಾಟ ಹೊಲಕ್ಕ ಹೋಗತೈತಿ, ಕೂಸು ಮನ್ಯಾಗ ಉಳಿತೈತಿ. ಏನ್ ಮಾಡ್ಲಿ, ನೀವ ಹೇಳ್ರಿ."

ನಮ್ಮ ಬಳಿ ಉತ್ತರ ಇರಲಿಲ್ಲ. ಮೈಕ್ ಹಿಡಿದು ಮಾತಾಡಿದವರ ಬಳಿಯೂ ಇರಲಿಲ್ಲ. ಆ ಪ್ರಶ್ನೆಯನ್ನು ಇಟ್ಟುಕೊಂಡೇ ಈ ಬರಹ ಬರೆಯುತ್ತಿದ್ದೇವೆ. ನಮ್ಮ ಮಾತು ನೇರ: ಆರು ತಿಂಗಳು ಎದೆಹಾಲು ಮಾತ್ರ ಎನ್ನುವ ಸಲಹೆ ನೂರಕ್ಕೆ ನೂರು ಸರಿ. ಅದನ್ನು ಹೇಳುತ್ತಿರುವುದು ಮಾತ್ರ ತಪ್ಪು ಜನರಿಗೆ. ಗಂಡನಿಗೆ ಹೇಳಬೇಕು, ಹೊಲದ ಮಾಲೀಕನಿಗೆ ಹೇಳಬೇಕು, ಮೇಸ್ತ್ರಿಗೆ ಹೇಳಬೇಕು, ವಾರದ ಕಂತು ವಸೂಲಿ ಮಾಡುವವನಿಗೆ ಹೇಳಬೇಕು, ಪಂಚಾಯ್ತಿಗೆ ಹೇಳಬೇಕು, ಸರ್ಕಾರಕ್ಕೆ ಹೇಳಬೇಕು. ಇವರೆಲ್ಲರನ್ನೂ ಬಿಟ್ಟು, ತನ್ನ ದಿನದ ಮೇಲೆ ತನಗೇ ಅಧಿಕಾರ ಇಲ್ಲದ ಒಬ್ಬ ಹೆಣ್ಣುಮಗಳಿಗೆ ವರ್ಷ ವರ್ಷ ಅದನ್ನೇ ಹೇಳುತ್ತಿದ್ದೇವೆ. ಆಕೆ ಮಾಡಲಾಗದೇ ಹೋದಾಗ 'ತಿಳಿವಳಿಕೆ ಇಲ್ಲ' ಎಂದು ಬರೆದುಕೊಳ್ಳುತ್ತೇವೆ.

ಮೊದಲು, ಮಾತು ಯಾಕೆ ಸರಿ

ನಮ್ಮ ಸಿಟ್ಟನ್ನು ನೋಡಿ ಯಾರೂ 'ಹಾಗಾದರೆ ಮೇಲುಹಾಲು ಹಾಕಿದರೂ ನಡೆಯುತ್ತೆ ಅಂತಾಯ್ತು' ಎಂದುಕೊಳ್ಳಬಾರದು. ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಮೂರು ಮಾತು. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು, ನೀರು ಕೂಡ. ಆರು ತಿಂಗಳಾದ ಮೇಲೆ ಮನೆಯ ಮೆತ್ತನೆ ಊಟ ಶುರು ಮಾಡಿ, ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲನ್ನೂ ಮುಂದುವರಿಸಬೇಕು. ಮೊದಲು ನಾಲ್ಕರಿಂದ ಆರು ತಿಂಗಳು ಎನ್ನುತ್ತಿದ್ದರು. 2001ರಿಂದ ಪೂರ್ತಿ ಆರು ತಿಂಗಳು ಎಂದು ಆಯಿತು. ಡಾಕ್ಟರು ಬರೆದುಕೊಟ್ಟ ಔಷಧಿ, ವಿಟಮಿನ್ ಹನಿ, ಭೇದಿಯಾದಾಗ ಓಆರ್‌ಎಸ್ ಇವಕ್ಕೆ ಅಡ್ಡಿ ಇಲ್ಲ.

ನೀರೂ ಬೇಡ ಅಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ಬೇಸಿಗೆಯಲ್ಲಿ ನಾಲಿಗೆ ಒಣಗುವ ಊರು ನಮ್ಮದು. ಆದರೆ ಎದೆಹಾಲಿನಲ್ಲಿ ನೂರಕ್ಕೆ 87-88 ಭಾಗ ನೀರೇ ಇದೆ. ಬಾಯಾರಿದ ಕೂಸು ಹೆಚ್ಚು ಸಲ ಎದೆ ಕೇಳುತ್ತದೆ, ಕೊಟ್ಟರೆ ಸಾಕು. ಮೇಲಿನಿಂದ ಕುಡಿಸಿದ ನೀರಿಗೆ ಹೊಟ್ಟೆ ತುಂಬುತ್ತದೆ, ಹಾಲು ಕುಡಿಯುವುದು ಕಮ್ಮಿಯಾಗುತ್ತದೆ. ಆ ನೀರಿನ ಜೊತೆ ಭೇದಿಯೂ ಬರಬಹುದು. ನಮ್ಮ ಊರುಗಳ ನಲ್ಲಿ, ಕೊಡ, ಚೊಂಬುಗಳ ಸ್ಥಿತಿ ನಿಮಗೇ ಗೊತ್ತು.

ಇನ್ನೊಂದು ಮಾತು. ಆಕಳು ಕರು ಹಾಕಿದರೆ ಮೊದಲ ಹಾಲಿನ ಬೆಲೆ ನಮಗೆ ಚೆನ್ನಾಗಿ ಗೊತ್ತು. ಕರು ಹುಟ್ಟಿದ ಕೂಡಲೇ ಕೆಚ್ಚಲಿಗೆ ಬಿಡುತ್ತೇವೆ, ಉಳಿದದ್ದರಲ್ಲಿ ಗಿಣ್ಣ ಮಾಡಿ ಓಣಿಗೆಲ್ಲ ಹಂಚುತ್ತೇವೆ. ಅದೇ ತಾಯಿಯ ಎದೆಯಲ್ಲಿ ಬರುವ ಹಳದಿ ಬಣ್ಣದ ದಪ್ಪ ಹಾಲನ್ನು ಮಾತ್ರ 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. ಕೂಸಿಗೆ ಸೋಂಕು ತಡೆಯುವ ಶಕ್ತಿ ಬರುವುದು ಆ ಹಾಲಿನಿಂದ. ಕರುವಿಗೆ ಕೊಡುವ ನ್ಯಾಯ ಕೂಸಿಗೂ ಕೊಡಬೇಕು. ಅದರ ಬದಲು ಮೊದಲ ದಿನ ಬಾಯಿಗೆ ಇಡುವುದು ಬೆಲ್ಲದ ನೀರು, ಜೇನುತುಪ್ಪ, ಹರಳೆಣ್ಣೆ, ಎಲ್ಲೋ ಕೆಲವು ಕಡೆ ಓಣಿಗೆ ಬಂದ ಕತ್ತೆ ಹಾಲು. ಇವು ಯಾವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಬಾಯಿಗೆ ಇಡಲೇಬಾರದು, ಅದರಿಂದ ಎಳೆ ಕೂಸುಗಳಿಗೆ ಬೊಟುಲಿಸಂ ಎಂಬ ಜೀವಕ್ಕೆ ಕುತ್ತು ತರುವ ಕಾಯಿಲೆ ಬರಬಹುದು.

ಈ ತಪ್ಪುಗಳಿಗೆಲ್ಲ ಅತ್ತೆಯಂದಿರನ್ನು, ಅಜ್ಜಿಯಂದಿರನ್ನು ಬೈಯುವುದು ಸುಲಭ. ಭಾಷಣಗಳಲ್ಲಿ ನಡೆಯುವುದೂ ಅದೇ. ಆದರೆ ಒಂದು ಅಂಕಿ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆ ಆಗಿದ್ದು ಆಸ್ಪತ್ರೆಯಲ್ಲಿ. ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಮಾತ್ರ ನೂರಕ್ಕೆ ಸುಮಾರು 42 ಮಕ್ಕಳಿಗೆ. ಆ ಮೊದಲ ಗಂಟೆಯಲ್ಲಿ ಕೂಸು ಅಜ್ಜಿಯ ಕೈಯಲ್ಲಿ ಇರಲಿಲ್ಲ. ಆಸ್ಪತ್ರೆಯವರ ಕೈಯಲ್ಲಿತ್ತು. ಸಿಸೇರಿಯನ್ ಆದ ತಾಯಿಯ ಪಕ್ಕಕ್ಕೆ ಕೂಸನ್ನು ತಂದು ಮಲಗಿಸಿ ಎದೆಗೆ ಹಚ್ಚಲು ಇನ್ನೊಬ್ಬರ ಕೈ ಬೇಕು. ಆ ಕೈ ವಾರ್ಡಿನಲ್ಲಿ ಇಲ್ಲದಿದ್ದರೆ ಅದು ಯಾರ ತಿಳಿವಳಿಕೆಯ ಕೊರತೆ?

ಹಾಲು ಬತ್ತುವುದು ಹೇಗೆ

ಅದೇ ಸಮೀಕ್ಷೆ ಹೇಳುವ ಇನ್ನೊಂದು ಸಂಗತಿ: ಆರು ತಿಂಗಳೊಳಗಿನ ಕೂಸುಗಳಲ್ಲಿ ಎದೆಹಾಲು ಮಾತ್ರ ಕುಡಿಯುತ್ತಿದ್ದವು ನೂರಕ್ಕೆ ಸುಮಾರು 64. ಉಳಿದ 36 ಕೂಸುಗಳ ತಾಯಂದಿರಿಗೆ ಮಾಹಿತಿ ಇರಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವವರು ಒಮ್ಮೆ ಟಂಟಂ ಹತ್ತಿ ನೋಡಬೇಕು.

ಎದೆಹಾಲಿನ ಲೆಕ್ಕ ಬಹಳ ಸರಳ. ಕೂಸು ಎಷ್ಟು ಚೀಪುತ್ತದೋ ಅಷ್ಟು ಹಾಲು ಹುಟ್ಟುತ್ತದೆ. ಚೀಪದಿದ್ದರೆ, ಹಿಂಡಿ ತೆಗೆಯದಿದ್ದರೆ, ಮೈ ತಾನಾಗಿಯೇ ಹಾಲು ಕಮ್ಮಿ ಮಾಡುತ್ತದೆ. ಎರಡು ಮೂರು ತಿಂಗಳ ಕೂಸು ಹಗಲು ರಾತ್ರಿ ಸೇರಿ ಎಂಟು ಹತ್ತು ಸಲ ಕುಡಿಯುತ್ತದೆ. ತಾಯಿ ಎಂಟಕ್ಕೆ ಹೋಗಿ ಆರಕ್ಕೆ ಬಂದರೆ ಅದರಲ್ಲಿ ನಾಲ್ಕು ಸಲ ತಪ್ಪಿತು.

ಮೊದಲ ವಾರ ಹೊಲದಲ್ಲಿ ಎದೆ ಕಟ್ಟಿ ನೋಯುತ್ತದೆ, ರವಿಕೆ ತೋಯುತ್ತದೆ, ಸೆರಗು ಮುಚ್ಚಿಕೊಂಡು ಕೆಲಸ ಮಾಡುತ್ತಾಳೆ. ಎರಡನೇ ವಾರಕ್ಕೆ ನೋವು ಕಮ್ಮಿಯಾಗುತ್ತದೆ, ಯಾಕೆಂದರೆ ಹಾಲೂ ಕಮ್ಮಿಯಾಗಿದೆ. ಮನೆಯಲ್ಲಿ ಕೂಸು ಅಳುತ್ತದೆ. ಅಜ್ಜಿ ಆಕಳ ಹಾಲಿಗೆ ಅರ್ಧ ನೀರು ಬೆರೆಸಿ ಕುಡಿಸುತ್ತಾಳೆ, ಇಲ್ಲದಿದ್ದರೆ ಬಿಸ್ಕತ್ತು ನೆನೆಸಿ ಹಾಕುತ್ತಾಳೆ. ಆಕೆ ಬೇರೇನು ಮಾಡಿಯಾಳು? ತಿಂಗಳೊಳಗೆ ಮನೆಯವರೆಲ್ಲ ಒಂದು ತೀರ್ಮಾನಕ್ಕೆ ಬರುತ್ತಾರೆ: 'ಇವಳಿಗೆ ಹಾಲು ಸಾಲದು.' ಆ ಮಾತನ್ನು ತಾಯಿಯೂ ನಂಬುತ್ತಾಳೆ. ನಮಗೆ ಸಿಕ್ಕ ತಾಯಂದಿರಲ್ಲಿ ಹಲವರು ತಮ್ಮ ಮೈಯನ್ನೇ ಬೈದುಕೊಂಡರು. ಒಬ್ಬರೂ ಕೂಲಿಯನ್ನು ಬೈಯಲಿಲ್ಲ.

ಹಿರಿಯರು ಕೇಳುತ್ತಾರೆ, "ನಾವೇನು ಹೊಲಕ್ಕ ಹೋಗಲಿಲ್ಲೇನು? ಗಿಡಕ್ಕ ಜೋಳಿಗಿ ಕಟ್ಟಿ, ಕೂಸು ಮಲಗಿಸಿ, ಕೆಲಸಾ ಮಾಡಿಲ್ಲೇನು?" ಮಾಡಿದ್ದಾರೆ, ಸುಳ್ಳಲ್ಲ. ಆದರೆ ಆ ಹೊಲ ಊರ ಪಕ್ಕದಲ್ಲಿತ್ತು. ಕೆಲಸ ಕೊಟ್ಟವರು ಗುರುತಿನವರು. ಕೂಸು ಅತ್ತರೆ ಎದ್ದು ಹೋಗಿ ಹಾಲು ಕುಡಿಸಿ ಬಂದರೆ ಯಾರೂ ಕೇಳುತ್ತಿರಲಿಲ್ಲ. ಈಗ ಹದಿನೈದು ಜನರನ್ನು ತುಂಬಿಕೊಂಡ ಗಾಡಿ ಬೇರೆ ತಾಲೂಕಿಗೆ ಹೋಗುತ್ತದೆ. ಕೂಸನ್ನು ಹತ್ತಿಸಲು ಜಾಗವಿಲ್ಲ, ಮೇಸ್ತ್ರಿ ಬಿಡುವುದಿಲ್ಲ. ಹತ್ತಿ ಬಿಡಿಸಲು ಹೋದರೆ ಕೂಲಿ ಕಿಲೋ ಲೆಕ್ಕದಲ್ಲಿ. ಹಾಲು ಕುಡಿಸಲು ಕೂತ ಪ್ರತಿ ಅರ್ಧ ಗಂಟೆಗೂ ಸಂಜೆ ತಕ್ಕಡಿಯಲ್ಲಿ ತೂಕ ಕಮ್ಮಿ ಬೀಳುತ್ತದೆ. ಕಳೆಗೆ, ನಾಟಿಗೆ ಗುತ್ತಿಗೆ ಹಿಡಿದರೆ ಒಬ್ಬಳು ಕೂತಳೆಂದು ಉಳಿದವರ ಮುಖ ಗಂಟಾಗುತ್ತದೆ.

ನಮ್ಮಲ್ಲೂ ರಜೆ ಇತ್ತು, ಅದಕ್ಕೆ ಬಾಣಂತನ ಅಂತಿದ್ದೆವು

ಹೆರಿಗೆ ರಜೆ ಎನ್ನುವುದು ಪೇಟೆಯವರು ಕಂಡುಹಿಡಿದದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಬಾಣಂತನ ಎಂದು ಹೆಸರು. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತಂದು, ಮೂರು ತಿಂಗಳೋ ಐದು ತಿಂಗಳೋ ಇಟ್ಟುಕೊಂಡು, ಎಣ್ಣೆ ನೀರು ಹಾಕಿ, ಕೆಲಸಕ್ಕೆ ಕೈ ಹಚ್ಚಲು ಬಿಡದೆ ನೋಡಿಕೊಂಡು ಕಳಿಸುತ್ತಿದ್ದರು. ಎಲ್ಲ ಜಾತಿಯಲ್ಲೂ ಎಲ್ಲ ಮನೆಯಲ್ಲೂ ಇದು ಸಮನಾಗಿ ಇರಲಿಲ್ಲ. ಇದ್ದವರ ಮನೆಯ ಬಾಣಂತನವೇ ಬೇರೆ, ಕೂಲಿಯವರ ಮನೆಯದ್ದೇ ಬೇರೆ. ಬಾಣಂತಿಗೆ ನೀರು ಕಮ್ಮಿ ಕೊಡುವುದು, ಸೊಪ್ಪು ತರಕಾರಿ ಬೇಡ ಎನ್ನುವುದು, ಇಂಥ ಕೆಟ್ಟ ಪಥ್ಯಗಳೂ ಅದರಲ್ಲಿ ಸೇರಿದ್ದವು. ಹಾಲುಣಿಸುವವಳಿಗೆ ಬಾಯಾರಿದಷ್ಟು ನೀರು ಬೇಕು, ಹೊಟ್ಟೆ ತುಂಬ ಊಟ ಬೇಕು. ಇವನ್ನು ಬಿಡಬೇಕು. ಆದರೆ ಅದರ ತಿರುಳು ಸರಿ ಇತ್ತು: ಹೆತ್ತವಳ ಕೆಲಸ ಈಗ ಕೂಸು ನೋಡಿಕೊಳ್ಳುವುದು, ಉಳಿದದ್ದನ್ನು ಬೇರೆಯವರು ಮಾಡಬೇಕು.

ಈಗ ತವರಿನಲ್ಲೂ ಅವ್ವ ಕೂಲಿಗೆ ಹೋಗುತ್ತಾಳೆ. ಎರಡನೇ ಹೆರಿಗೆಗೆ ಕರೆಯುವವರೇ ಇಲ್ಲ. ಅರ್ಧ ಊರು ಗುಳೆ ಹೋಗಿರುತ್ತದೆ. ಬೆಂಗಳೂರಿನ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿ ಎರಡು ತಿಂಗಳ ಕೂಸನ್ನು ಐದು ವರ್ಷದ ಅಕ್ಕನ ಕೈಗೆ ಕೊಟ್ಟು ಇಟ್ಟಿಗೆ ಹೊರುವ ತಾಯಿಗೆ ಯಾವ ಬಾಣಂತನ? ಹಳೆಯ ರಜೆ ಹೋಯಿತು. ಹೊಸ ರಜೆ ನಮ್ಮವರೆಗೆ ಬರಲೇ ಇಲ್ಲ.

5000 ರೂಪಾಯಿ ಅಂದರೆ ಎಷ್ಟು ದಿನ?

ಹೊಸ ರಜೆ ಯಾರಿಗೆ ಬಂತು ನೋಡೋಣ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಗಿ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಎಂದಾಯಿತು. 26 ವಾರ ಅಂದರೆ ಆರು ತಿಂಗಳು. 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿಬರಲು ಬಿಡಬೇಕು ಎಂದೂ ಬರೆಯಿತು. ಸರ್ಕಾರಿ ನೌಕರಿಯ ತಾಯಿಗೆ 180 ದಿನದ ರಜೆ ಇದೆ. ಇವೆಲ್ಲ ಒಳ್ಳೆಯದೇ, ಯಾರ ರಜೆಯನ್ನೂ ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಆರು ತಿಂಗಳು ಬೇಕು ಎಂಬುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು ಎಂದಷ್ಟೇ ತೋರಿಸುತ್ತಿದ್ದೇವೆ. ಗೊತ್ತಿದ್ದೂ, ಮಸ್ಟರ್ ರೋಲಿನಲ್ಲಿ ಹೆಸರಿಲ್ಲದ, ಮಾಲೀಕ ಇಂಥವನೇ ಎಂದು ಹೇಳಲಾಗದ ಕೂಲಿ ಹೆಣ್ಣುಮಗಳನ್ನು ಅದರಿಂದ ಹೊರಗೆ ಇಟ್ಟರು.

ಆಕೆಗೆ ಇರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ. ಮೊದಲ ಮಗುವಿಗೆ 5000 ರೂಪಾಯಿ, ಅದೂ ಕಂತಿನಲ್ಲಿ. ಎರಡನೆಯದಕ್ಕೆ 6000, ಅದೂ ಹೆಣ್ಣು ಹುಟ್ಟಿದರೆ ಮಾತ್ರ. ಎರಡನೆಯದು ಗಂಡಾದರೆ ಇಲ್ಲ, ಮೂರನೆಯದಕ್ಕೆ ಇಲ್ಲ. ಎರಡನೇ ಗಂಡು ಕೂಸಿಗೆ ಎದೆಹಾಲು ಬೇಡವೇ?

ಬನ್ನಿ, ಬೆರಳು ಮಡಚಿ ಲೆಕ್ಕ ಹಾಕೋಣ. ಆರು ತಿಂಗಳು ಅಂದರೆ 180 ದಿನ. 5000 ರೂಪಾಯಿಯನ್ನು 180 ದಿನಕ್ಕೆ ಹಂಚಿದರೆ ದಿನಕ್ಕೆ 28 ರೂಪಾಯಿಯೂ ಬೀಳುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ 5000 ರೂಪಾಯಿ ಎಂದರೆ ಹದಿಮೂರೂವರೆ ದಿನದ ಕೂಲಿ. ನೌಕರಿಯ ತಾಯಿಗೆ 180 ದಿನ, ಕೂಲಿಯ ತಾಯಿಗೆ ಹದಿಮೂರೂವರೆ ದಿನ. ಕೂಸಿನ ಹೊಟ್ಟೆ ಮಾತ್ರ ಎರಡೂ ಕಡೆ ಒಂದೇ ಅಳತೆಯದು.

ಕಾಯ್ದೆ ಹೇಳುವುದನ್ನೂ ಕೇಳಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಗರ್ಭಿಣಿ ಮತ್ತು ಹಾಲುಣಿಸುವ ತಾಯಿಗೆ ಕನಿಷ್ಠ 6000 ರೂಪಾಯಿ ಹಕ್ಕಿನ ಹಣ. ಮೊದಲನೆಯದು, ಎರಡನೆಯದು, ಹೆಣ್ಣು, ಗಂಡು ಎಂಬ ಷರತ್ತನ್ನು ಆ ಸೆಕ್ಷನ್ ಹಾಕಿಲ್ಲ. ಷರತ್ತು ಹಾಕಿದ್ದು ಆಮೇಲೆ ಬಂದ ಯೋಜನೆ. ಪಕ್ಕದ ತಮಿಳುನಾಡಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಬಡ ಬಾಣಂತಿಗೆ 18,000 ರೂಪಾಯಿ ಮೌಲ್ಯದ ನೆರವಿದೆ: 14,000 ನಗದು, 4000 ರೂಪಾಯಿಯ ಪೌಷ್ಟಿಕ ಕಿಟ್. ಅದೂ ಆರು ತಿಂಗಳಿಗೆ ಸಾಲದು. ಆದರೆ ಒಂದು ರಾಜ್ಯ ಮನಸ್ಸು ಮಾಡಿದರೆ ಕೇಂದ್ರದ 5000ಕ್ಕೆ ನಿಲ್ಲಬೇಕಿಲ್ಲ ಎಂಬುದಕ್ಕೆ ಸಾಕ್ಷಿ.

ಕರ್ನಾಟಕ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾಯಿತು. ಗರ್ಭಿಣಿಗೆ, ಹೆತ್ತು ಆರು ತಿಂಗಳವರೆಗಿನ ತಾಯಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ. ಯೋಜನೆ ಒಳ್ಳೆಯದು. ಆದರೆ ಅದನ್ನು ಬರೆದವರ ಕಣ್ಣಿನಲ್ಲಿ ಬಾಣಂತಿ ಮಧ್ಯಾಹ್ನ ಊರಲ್ಲಿ ಇರುತ್ತಾಳೆ. ನಿಜದಲ್ಲಿ ಒಬ್ಬಳು ಹಸಿಬಾಣಂತಿ, ಹೊಸ್ತಿಲು ದಾಟಲು ಬಿಡುವುದಿಲ್ಲ. ಇನ್ನೊಬ್ಬಳು ಆಗಲೇ ಹೊಲದಲ್ಲಿದ್ದಾಳೆ. ಕೂಲಿಕಾರರ ಚಿಕ್ಕ ಮಕ್ಕಳಿಗೆಂದು ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ತೆರೆದಿದ್ದೂ ಒಳ್ಳೆಯ ಹೆಜ್ಜೆ. ಆದರೆ ತಾಯಿ ಕೆಲಸ ಮಾಡುವುದು ಎಲ್ಲೋ, ಕೂಸಿನ ಮನೆ ಇರುವುದು ಎಲ್ಲೋ ಆದರೆ ಎದೆಹಾಲಿಗೆ ಅದು ನೆರವಾಗುವುದಿಲ್ಲ.

ಆಶಾ ಅಕ್ಕಂದಿರ ಭೇಟಿಯ ಪಟ್ಟಿ ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಅದಾದ ಮೇಲೆ ಮುಂದಿನ ಭೇಟಿ ಮೂರು ತಿಂಗಳಿಗೆ, ಆಮೇಲೆ ಆರಕ್ಕೆ. ಕೂಲಿಯ ತಾಯಿ ಟಂಟಂ ಹತ್ತುವುದು ಹೆಚ್ಚಾಗಿ ಈ 42ನೇ ದಿನ ಮತ್ತು ಮೂರನೇ ತಿಂಗಳ ನಡುವೆ. ಮಾತಾಡಿಸುವವರು ಬೇಕಾದ ಹೊತ್ತಿಗೇ ಪಟ್ಟಿಯಲ್ಲಿ ಭೇಟಿ ಇಲ್ಲ. ಇದರಲ್ಲಿ ಆಶಾ ಅಕ್ಕಂದಿರ ತಪ್ಪಿಲ್ಲ. ಗೌರವಧನದಲ್ಲಿ ದುಡಿಯುವ ಅವರ ಮೇಲೆ ಇನ್ನೊಂದು ಭೇಟಿ ಹೇರಬೇಕಾದರೆ ಅದಕ್ಕೆ ತಕ್ಕ ಹಣವನ್ನೂ ಕೊಡಬೇಕು.

ಅಂಗಡಿಯ ಡಬ್ಬಿ

ತಾಯಿ ಬಿಟ್ಟುಹೋದ ಜಾಗಕ್ಕೆ ಡಬ್ಬಿ ಬರುತ್ತದೆ. 1992ರಲ್ಲೇ ನಮ್ಮ ದೇಶದಲ್ಲಿ ಶಿಶು ಹಾಲಿನ ಪುಡಿ, ಹಾಲಿನ ಬಾಟಲಿ, ಶಿಶು ಆಹಾರಗಳ ಮಾರಾಟಕ್ಕೆ ಕಡಿವಾಣ ಹಾಕುವ ಕಾಯ್ದೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಎರಡು ವರ್ಷದೊಳಗಿನ ಮಕ್ಕಳಿಗಾಗಿ ಎಂದು ಇವುಗಳ ಜಾಹೀರಾತು ಮಾಡುವಂತಿಲ್ಲ. ತಾಯಂದಿರಿಗೆ ಬಿಟ್ಟಿ ಸ್ಯಾಂಪಲ್ ಕೊಡುವಂತಿಲ್ಲ. ಹಾಲಿನ ಪುಡಿಯ ಡಬ್ಬಿ ಮೇಲೆ ತಾಯಿ, ಕೂಸಿನ ಚಿತ್ರ ಹಾಕುವಂತಿಲ್ಲ. ಡಾಕ್ಟರು, ನರ್ಸುಗಳಿಗೆ ಕಂಪನಿ ಉಡುಗೊರೆ ಕೊಡುವಂತಿಲ್ಲ. ಮೀರಿದರೆ ಮೂರು ವರ್ಷದವರೆಗೆ ಜೈಲು, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಕಾಯ್ದೆಯ ವಿಷಯ ಎಷ್ಟು ಸಪ್ತಾಹಗಳಲ್ಲಿ ಕೇಳಿದ್ದೀರಿ? ನಾವು ಕೂತ ಒಂದು ಕಾರ್ಯಕ್ರಮದಲ್ಲೂ ಕೇಳಿಲ್ಲ.

ಡಬ್ಬಿಯಲ್ಲಿ ಇರುವುದು ವಿಷ ಎಂದು ನಾವು ಹೇಳುವುದಿಲ್ಲ. ತಾಯಿ ಇಲ್ಲದ ಕೂಸಿಗೆ, ತಾಯಿಗೆ ನಿಜವಾಗಿ ಹಾಲುಣಿಸಲಾಗದ ಕಾಯಿಲೆ ಇದ್ದಾಗ, ಡಾಕ್ಟರು ಹೇಳಿದಂತೆ ಅದು ಬೇಕಾಗುತ್ತದೆ. ಅಂಥ ತಾಯಿಯನ್ನು ಚುಚ್ಚಿ ಮಾತಾಡುವುದು ಪಾಪ. ಆದರೆ ನಮ್ಮ ಮನೆಗಳಲ್ಲಿ ಆಗುವುದೇನು? ಡಬ್ಬಿ ದುಬಾರಿ. ವಾರಕ್ಕೆ ಬರಬೇಕಾದದ್ದನ್ನು ಎರಡು ವಾರಕ್ಕೆ ಎಳೆಯಲು ಪುಡಿ ಕಮ್ಮಿ, ನೀರು ಜಾಸ್ತಿ ಹಾಕುತ್ತಾರೆ. ಬಾಟಲಿಯ ನಿಪ್ಪಲ್ ಸರಿಯಾಗಿ ಕುದಿಸುವುದಿಲ್ಲ. ಕೂಸು ಸೊರಗುತ್ತದೆ, ಭೇದಿ ಹತ್ತುತ್ತದೆ, ಆಸ್ಪತ್ರೆಯ ಖರ್ಚಿಗೆ ಮತ್ತೆ ಸಾಲ. ಉಳಿಸಿದ ಕೂಲಿ ಹೋದದ್ದು ಎಲ್ಲಿಗೆ?

ಏನು ಕೇಳಬೇಕು, ಯಾರನ್ನು ಕೇಳಬೇಕು

ಬರೀ ಬೈದರೆ ಸಾಲದು. ನಮ್ಮ ಬೇಡಿಕೆಗಳನ್ನು ಹತ್ತಿರದಿಂದ ದೂರಕ್ಕೆ ಬರೆಯುತ್ತೇವೆ.

ಮನೆಯ ಗಂಡಸರಿಗೆ. ಹಾಲುಣಿಸುವುದು ಹೆಂಗಸರ ವಿಷಯ ಎಂದು ಎದ್ದು ಹೋಗಬೇಡಿ. ನೀರು ತರುವುದು, ಕಟ್ಟಿಗೆ, ದನ, ದೊಡ್ಡ ಮಗುವಿನ ಸ್ನಾನ ಇವುಗಳಲ್ಲಿ ಎರಡನ್ನಾದರೂ ಆರು ತಿಂಗಳು ನೀವು ಹೊತ್ತರೆ ಆಕೆಗೆ ಹಾಲು ಕುಡಿಸುವಷ್ಟು ಹೊತ್ತು ಸಿಗುತ್ತದೆ. ಉಣ್ಣುವಾಗ ಮೊದಲ ತಾಟು ಅವಳಿಗೆ ಇಡಿ.

ಸಂಘಗಳಿಗೆ. ನಮ್ಮೂರಲ್ಲಿ ಬಾಣಂತಿಯನ್ನು ಹೊಲಕ್ಕೆ ಓಡಿಸುವುದು ಹಸಿವಿಗಿಂತ ಹೆಚ್ಚಾಗಿ ವಾರದ ಕಂತು. ಸೋಮವಾರ ಬಂತೆಂದರೆ ಕಂತು ಕಟ್ಟಬೇಕು, ಕಟ್ಟದಿದ್ದರೆ ಗುಂಪಿನವರೇ ಬಾಗಿಲಿಗೆ ಬರುತ್ತಾರೆ. ಸ್ತ್ರೀಶಕ್ತಿ ಸಂಘಗಳು, ಸ್ವಸಹಾಯ ಸಂಘಗಳು ಒಂದು ಠರಾವು ಮಾಡಲಿ: ಹೆತ್ತ ಸದಸ್ಯೆಗೆ ಆರು ತಿಂಗಳು ಕಂತಿಲ್ಲ, ಬಡ್ಡಿಯೂ ಬೆಳೆಯುವುದಿಲ್ಲ. ಇದಕ್ಕೆ ವಿಧಾನಸೌಧದ ಅಪ್ಪಣೆ ಬೇಕಿಲ್ಲ. ನಿಮ್ಮ ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆದರೆ ಆಯಿತು.

ಹೊಲದ ಮಾಲೀಕರಿಗೆ, ಮೇಸ್ತ್ರಿಗಳಿಗೆ. ಹಾಲುಣಿಸುವವಳಿಗೆ ಕೂಸನ್ನು ಕರೆತರಲು ಬಿಡಿ. ನೆರಳು ಕೊಡಿ. ಕೂಸು ನೋಡಿಕೊಳ್ಳಲು ಒಬ್ಬ ಹಿರಿಯಳನ್ನು ಕೂಲಿ ಕೊಟ್ಟು ಕೂರಿಸಿ. ಇದು ಹೊಸದೇನಲ್ಲ, ಉದ್ಯೋಗ ಖಾತ್ರಿಯ ನಿಯಮದಲ್ಲೇ ಇತ್ತು: ಕೆಲಸದ ಜಾಗಕ್ಕೆ ಐದು ಚಿಕ್ಕ ಮಕ್ಕಳು ಬಂದರೆ, ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು.

ಪಂಚಾಯ್ತಿಗೆ. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಎತ್ತೋಣ. ಊರಲ್ಲಿ ಈಗ ಆರು ತಿಂಗಳೊಳಗಿನ ಕೂಸುಗಳು ಎಷ್ಟು? ಅವುಗಳ ತಾಯಂದಿರಲ್ಲಿ ಎಷ್ಟು ಜನಕ್ಕೆ ಮಾತೃವಂದನಾ ಹಣ ಬಂದಿದೆ? ಮಾತೃಪೂರ್ಣದ ಊಟ ಹಸಿಬಾಣಂತಿಯ ಮನೆಗೆ ಹೋಗುತ್ತಿದೆಯೇ? ಒಂದು ಊರಲ್ಲಿ ಅಂಥ ತಾಯಂದಿರು ಹತ್ತೋ ಇಪ್ಪತ್ತೋ ಇರುತ್ತಾರೆ, ಅಷ್ಟೇ. ಉತ್ತರ ಕೊಡಲಾಗದಷ್ಟು ದೊಡ್ಡ ಲೆಕ್ಕವಲ್ಲ.

ಸರ್ಕಾರಕ್ಕೆ. ಕೂಲಿಯ ತಾಯಿಗೆ ಆರು ತಿಂಗಳಿಗೆ ದಿನಗೂಲಿಯ ಲೆಕ್ಕದಲ್ಲಿ ಹೆರಿಗೆ ಭತ್ಯೆ ಕೊಡಿ, ಎಷ್ಟನೇ ಮಗು, ಗಂಡೋ ಹೆಣ್ಣೋ ಎಂದು ಕೇಳದೆ ಕೊಡಿ. 'ದುಡ್ಡೆಲ್ಲಿದೆ?' ಎನ್ನುವಿರಿ. ಎದೆಹಾಲು ಅಮೃತ ಎಂದು ಬ್ಯಾನರಿನಲ್ಲಿ ಬರೆದವರು ನೀವೇ. ಅಮೃತ ಎಂದ ಮೇಲೆ ಅದನ್ನು ಕೊಡುವವಳ ದಿನಕ್ಕೆ 28 ರೂಪಾಯಿ ಬೆಲೆ ಕಟ್ಟಬಾರದು.

ನಾಳೆಯೇ ಹೊಲಕ್ಕೆ ಹೋಗಬೇಕಾದ ಅಕ್ಕನಿಗೆ

ಇವೆಲ್ಲ ಆಗುವ ಹೊತ್ತಿಗೆ ನಿಮ್ಮ ಕೂಸು ಶಾಲೆಗೆ ಹೋಗುತ್ತಿರುತ್ತದೆ, ನಮಗೆ ಗೊತ್ತು. ಅದಕ್ಕೆ ಇಷ್ಟು ಹೇಳುತ್ತೇವೆ. ಹೊರಡುವ ಮುಂಚೆ ಒಂದು ಸಲ ಹೊಟ್ಟೆ ತುಂಬ ಕುಡಿಸಿ, ಬಂದ ಕೂಡಲೇ ಕೈಕಾಲು ತೊಳೆದು ಎದೆಗೆ ಹಚ್ಚಿ, ರಾತ್ರಿ ಕೇಳಿದಾಗೆಲ್ಲ ಕೊಡಿ. ರಾತ್ರಿಯ ಹಾಲುಣಿಸುವಿಕೆ ಹಾಲನ್ನು ಬತ್ತದಂತೆ ಕಾಯುತ್ತದೆ. ಬೆಳಿಗ್ಗೆ ಸೋಪಿನಿಂದ ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ, ಮುಚ್ಚಿ ತಂಪು ಜಾಗದಲ್ಲಿ ಇಟ್ಟರೆ ನಾಲ್ಕು ಗಂಟೆಯೊಳಗೆ ಅಜ್ಜಿ ಅದನ್ನು ಕುಡಿಸಬಹುದು. ಬಾಟಲಿ ಬೇಡ. ಅಟ್ಟದ ಮೇಲೆ ಹಳೆಯ ಒಳಲೆ ಇದ್ದರೆ ಇಳಿಸಿ, ಕುದಿಸಿ ಬಳಸಿ, ಇಲ್ಲದಿದ್ದರೆ ಚಮಚ ಸಾಕು. ಹೊಲದಲ್ಲಿ ಎದೆ ಕಟ್ಟಿದರೆ ಮರೆಯಲ್ಲಿ ಹಿಂಡಿ ಚೆಲ್ಲಿದರೂ ಸರಿ, ಮೈ ಹಾಲು ಮಾಡುವುದನ್ನು ನಿಲ್ಲಿಸುವುದಿಲ್ಲ.

ಎದೆಹಾಲು ಮಾತ್ರ ಕುಡಿಯುವ ಕೂಸು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ ನಿಮ್ಮ ಹಾಲು ಸಾಕಾಗಿದೆ ಎಂದೇ ಅರ್ಥ. ಯಾರು ಏನೇ ಅಂದರೂ ಕಿವಿಗೆ ಹಾಕಿಕೊಳ್ಳಬೇಡಿ. ತೂಕ ಏರದಿದ್ದರೆ, ಕೂಸು ಮಂಕಾಗಿದ್ದರೆ, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಎದೆಹಾಲು ಒಮ್ಮೆ ಕಮ್ಮಿಯಾದರೂ ಮತ್ತೆ ಮತ್ತೆ ಚೀಪಿಸಿದರೆ ಬಹಳಷ್ಟು ಸಲ ಮರಳಿ ಬರುತ್ತದೆ. ಆರು ತಿಂಗಳಾದ ಮೇಲೆ ರಾಗಿ ಸರಿ, ಮೆತ್ತಗೆ ಕಿವುಚಿದ ಅನ್ನ ಬೇಳೆ, ಬಾಳೆಹಣ್ಣು, ಮೊಟ್ಟೆ ಶುರು ಮಾಡಿ. ಅದಕ್ಕೂ ತಡ ಮಾಡಬಾರದು, ಆ ಹೊತ್ತಿಗೆ ಎದೆಹಾಲೊಂದೇ ಸಾಲುವುದಿಲ್ಲ.

ಮತ್ತು ಒಂದು ಮಾತು: ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಅದು ನಿಮ್ಮ ತಪ್ಪಲ್ಲ.

ಬರುವ ಆಗಸ್ಟ್‌ನಲ್ಲಿ ಮತ್ತೆ ಬ್ಯಾನರ್ ಕಟ್ಟುತ್ತಾರೆ. ಫೋಟೋ ತೆಗೆಯಲು ನಾವೂ ಹೋಗುತ್ತೇವೆ. ಈ ಸಲ ಬ್ಯಾನರಿನ ಕಡೆಯಿಂದ ಚಾಪೆಯನ್ನು ನೋಡುವುದಿಲ್ಲ, ಚಾಪೆಯ ಕಡೆ ಕೂತು ಮೇಜಿನವರನ್ನು ಕೇಳುತ್ತೇವೆ: ಆರು ತಿಂಗಳು ಕೊಡು ಅಂದಿರಿ, ಸರಿ. ಇವಳಿಗೆ ಆ ಆರು ತಿಂಗಳನ್ನು ನೀವು ಯಾವಾಗ ಕೊಡುತ್ತೀರಿ? ನಿಮ್ಮೂರಿನ ಕಾರ್ಯಕ್ರಮದಲ್ಲಿ ನೀವೂ ಕೇಳಿ. ಅವರು ಕೊಟ್ಟ ಉತ್ತರವನ್ನು ನಮಗೆ ಬರೆದು ಕಳಿಸಿ, ಹೇಳಿದ್ದನ್ನು ಹೇಳಿದ ಹಾಗೆ ಪ್ರಕಟಿಸುತ್ತೇವೆ.